ಬಾಸ್ಟನ್ನಿನ ಅಕ್ಕಸಾಲಿಗ

ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯದಲ್ಲಿ ಒಂದು ಬೆಳ್ಳಿಯ ಬಟ್ಟಲಿದೆ. ಬಟ್ಟಲೆಂದರೆ ನಮ್ಮ ಮನೆಗಳಲ್ಲಿ ಮಗುವಿಗೆ ಹಾಲು ಕುಡಿಸುವ ಪುಟ್ಟ ಬಟ್ಟಲಲ್ಲ. ಹತ್ತು ಹದಿನೈದು ಮಂದಿ ಸುತ್ತ ಕುಳಿತು ಪಾನಮಾಡುವುದಕ್ಕೆ ಸಾಲುವಷ್ಟು ದೊಡ್ಡದು. ಬಾಯಗಲ ೧೧ ಅಂಗುಲ, ಎತ್ತರ ಐದೂವರೆ ಅಂಗುಲ. ತೂಕ ೪೫ ಔನ್ಸು. ನಮ್ಮ ಹಳೆಯ ಚಿನಿವಾರರ ಲೆಕ್ಕದಲ್ಲಿ ಸರಿಯಾಗಿ ೧೨೦ ತೊಲ. ಅಂಚು ತುಸು ಹೊರಕ್ಕೆ ಬಾಗಿದೆ. ಅಡಿಯಲ್ಲಿ ಗಿಡ್ಡನೆಯ ಪೀಠವಿದೆ. ಚೀನಾ ದೇಶದ ಪಿಂಗಾಣಿ ಬಟ್ಟಲುಗಳಿಂದ ಬಂದ ಆಕಾರ ಅದು. ಮೈಮೇಲೆ ಬರಹವೂ ಕೆಲವು ಚಿತ್ರಗಳೂ ಉಂಟೇ ಹೊರತು ಹಬ್ಬಿದ ಹೂಬಳ್ಳಿಯಿಲ್ಲ, ಉಬ್ಬುಕೆಲಸವಿಲ್ಲ. ಆದರೂ ಅಮೆರಿಕದ ಜನ ತಮ್ಮ ಸ್ವಾತಂತ್ರ್ಯ ಘೋಷಣೆಯ ಪತ್ರ, ರಾಜ್ಯಾಂಗದ ಪತ್ರ, ಇವುಗಳ ಸಾಲಿನಲ್ಲಿಯೇ ಇದನ್ನೂ ಎಣಿಸುವುದುಂಟು. ಇದಕ್ಕೆ ಸ್ವಾತಂತ್ರ್ಯಪುತ್ರರ ಬಟ್ಟಲು ಎಂದು ಹೆಸರು. ೧೭೬೮ರಲ್ಲಿ ಇದನ್ನು ಬಡಿದು ರೂಪಿಸಿದವನು ಪಾಲ್ ರಿವಿಯರ್.

ರಿವಿಯರನ ಹೆಸರು ಅಮೆರಿಕದ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಲಾಂಗ್‌ಫೆಲೊ ಕವಿಯ ಕಥನಕವನವನ್ನು ಓದಿದ ನಮ್ಮ ವಿದ್ಯಾರ್ಥಿಗಳಿಗೂ ಅದು ಪರಿಚಿತವಾಗಿರಬಹುದು. ಆ ಕವನದಲ್ಲಿ ಅವನು ಕುದುರೆಯ ಸವಾರ. ನಡುರಾತ್ರಿಯಲ್ಲಿ ಊರೂರನ್ನು ಎಚ್ಚರಿಸುತ್ತ ಧಾವಿಸಿದ ವೀರ. ಎಂಬತ್ತಮೂರು ವರ್ಷ ಬಾಳಿದ ಮನುಷ್ಯನ ಒಂದೇ ಇರುಳಿನ ಕೆಲವು ಗಂಟೆಗಳು ಲೋಕದ ನೆನಪಿನಲ್ಲಿ ಉಳಿದುವು. ಅದೂ ನಡೆದದ್ದು ನಡೆದ ಹಾಗಲ್ಲ. ಮಿಕ್ಕ ಆಯುಷ್ಯದ ಬಹುಭಾಗವನ್ನು ಅವನು ಕಳೆದದ್ದು ಕುದುರೆಯ ಬೆನ್ನಿನ ಮೇಲಲ್ಲ, ಅಡಿಗಲ್ಲಿನ ಮುಂದೆ. ಆ ಆಯುಷ್ಯದ ವಿಷಯದಲ್ಲಿ ಕವನಕ್ಕಿಂತ ಬಟ್ಟಲೇ ಹೆಚ್ಚು ನಂಬತಕ್ಕ ಸಾಕ್ಷಿಯೆಂದು ನನಗೆ ತೋರುತ್ತದೆ.

ರಿವಿಯರನ ತಂದೆ ಹುಟ್ಟಿನಿಂದ ಫ್ರೆಂಚರವನು. ಆತನ ಹೆಸರು ಅಪೊಲೊಸ್ ರಿವ್ವಾರ್. ಪ್ರಾಟೆಸ್ಟಂಟ್ ಮತದವರು ಫ್ರಾನ್ಸಿನಲ್ಲಿ ನೆಮ್ಮದಿಯಾಗಿ ಬಾಳುವಂತಿರದಿದ್ದ ಕಾಲದಲ್ಲಿ, ಬೋರ್ಡೋ ಸೀಮೆಯ ಒಂದು ಹಳ್ಳಿಯಿಂದ ಹೊರಟ ಆ ಹುಡುಗ ಹದಿಮೂರರ ಪ್ರಾಯದಲ್ಲಿ ಕಡಲು ದಾಟಿ ಬಾಸ್ಟನ್ನಿಗೆ ಬಂದ. ಅಲ್ಲಿ ಜಾನ್ ಕೋನಿ ಎಂಬ ಹೆಸರಾಂತ ಬೆಳ್ಳಿಯ ಕೆಲಸಗಾರನ ಬಳಿ ಕರಾರಿನ ಮೇಲೆ ಶಿಷ್ಯನಾಗಿ ಸೇರಿದ. ೧೭೨೨ರಲ್ಲಿ ಕೋನಿ ತೀರಿಕೊಂಡಾಗ ಉಳಿದ ಅವಧಿಗೆ ಹಣ ತೆತ್ತು ಬಿಡುಗಡೆ ಪಡೆದು ತಾನೇ ಅಂಗಡಿ ಹೂಡಿದ. ಊರಿನ ಜನರ ನಾಲಗೆಗೆ ತನ್ನ ಹೆಸರು ಹೊರಳದೆಂದು ಅದನ್ನು ಪಾಲ್ ರಿವಿಯರ್ ಎಂದು ಬದಲಾಯಿಸಿಕೊಂಡ. ೧೭೨೯ರಲ್ಲಿ ಡೆಬೊರಾ ಹಿಚ್‌ಬಾರ್ನ್ ಎಂಬಾಕೆಯನ್ನು ಮದುವೆಯಾದ. ಇವರ ಮಗನಿಗೂ ತಂದೆಯ ಹೆಸರನ್ನೇ ಇಟ್ಟರು. ೧೭೩೪ರ ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಈ ಮಗನೇ ನಮ್ಮ ಕಥೆಯ ನಾಯಕ.

ಹುಡುಗ ಓದು ಬರಹ ಕಲಿತದ್ದು ಊರಿನ ಸಾಧಾರಣ ಶಾಲೆಯಲ್ಲಿ. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಬಾಲ್ಯದಲ್ಲಿ ಸಂಗಡಿಗರೊಡನೆ ಕರಾರು ಬರೆದುಕೊಂಡು ಕ್ರೈಸ್ಟ್ ಚರ್ಚಿನ ಗಂಟೆ ಬಾರಿಸುವ ಕೆಲಸ ಮಾಡುತ್ತಿದ್ದ. ಮುಂದೆ ಅದೇ ಚರ್ಚಿನ ಗೋಪುರದಲ್ಲಿ ಎರಡು ದೀಪ ಉರಿಯಬೇಕಾಗಿತ್ತು. ಅದು ಆಮೇಲಿನ ಮಾತು. ಕಸುಬನ್ನು ತಂದೆಯಿಂದಲೇ ಕಲಿತ. ೧೭೫೪ರಲ್ಲಿ ತಂದೆ ತೀರಿಕೊಂಡಾಗ ಇವನಿಗೆ ಹತ್ತೊಂಬತ್ತು ವರ್ಷ. ಸ್ವತಂತ್ರವಾಗಿ ಅಂಗಡಿ ನಡೆಸುವ ವಯಸ್ಸು ಕಾನೂನಿನ ಪ್ರಕಾರ ಇನ್ನೂ ಆಗಿರಲಿಲ್ಲ. ತಾಯಿಯ ಹೆಸರಿನ ಮರೆಯಲ್ಲಿ ಸಂಸಾರದ ಹೊರೆ ಹೊತ್ತ. ೧೭೫೬ರಲ್ಲಿ, ಇಂಗ್ಲಿಷರ ಪರವಾಗಿಯೇ, ಫ್ರೆಂಚರ ಮೇಲಿನ ದಂಡಯಾತ್ರೆಯಲ್ಲಿ ಫಿರಂಗಿ ಪಡೆಯ ಕಿರಿಯ ಅಧಿಕಾರಿಯಾಗಿ ಹೋಗಿಬಂದ. ಮರುವರ್ಷ ಸಾರಾ ಆರ್ನ್ ಎಂಬಾಕೆಯನ್ನು ಮದುವೆಯಾಗಿ ತಂದೆಯ ಸುತ್ತಿಗೆಯನ್ನು ಮತ್ತೆ ಕೈಗೆತ್ತಿಕೊಂಡ.

ಆ ಕಾಲದ ಬಾಸ್ಟನ್ನಿನಲ್ಲಿ ಬೆಳ್ಳಿಯ ಪಾತ್ರೆ ಬರಿಯ ವೈಭವದ ವಸ್ತುವಾಗಿರಲಿಲ್ಲ. ಹಣ ಇಡುವುದಕ್ಕೆ ಬ್ಯಾಂಕುಗಳಿಲ್ಲದ ಊರು. ವರ್ತಕನ ಕೈಯಲ್ಲಿ ಸ್ಪೇನಿನ ಬೆಳ್ಳಿಯ ಡಾಲರುಗಳು ಕೂಡಿದರೆ ಅವನು ಅವನ್ನು ಅಕ್ಕಸಾಲಿಗನಿಗೆ ಕೊಟ್ಟು ಪಾನಪಾತ್ರೆಯನ್ನೋ ಹೂಜಿಯನ್ನೋ ಮಾಡಿಸಿ ಮೇಲೆ ತನ್ನ ಹೆಸರು ಕೆತ್ತಿಸುತ್ತಿದ್ದ. ನಾಣ್ಯ ಕಳುವಾದರೆ ಗುರುತಿಲ್ಲ, ಹೆಸರು ಕೊರೆದ ಪಾತ್ರೆಗೆ ಗುರುತುಂಟು. ಕಷ್ಟ ಬಂದಾಗ ಅದೇ ಪಾತ್ರೆ ಮತ್ತೆ ಮೂಸೆಗೆ. ನಮ್ಮ ಹಳೆಯ ಮನೆತನಗಳಲ್ಲಿ ಬೆಳ್ಳಿಯ ಚೊಂಬು, ಪಂಚಪಾತ್ರೆಗಳು ಪೂಜೆಗೂ ಒದಗಿ ಆಪದ್ಧನವೂ ಆಗುತ್ತಿದ್ದುವಷ್ಟೆ, ಹೆಚ್ಚುಕಡಮೆ ಹಾಗೆಯೇ. ಆ ವಸಾಹತುಗಳಲ್ಲಿ ಬೆಳ್ಳಿಯ ಗಣಿಗಳಿರಲಿಲ್ಲ. ಮೆಕ್ಸಿಕೊ, ಪೆರು ದೇಶಗಳ ಗಣಿಗಳಲ್ಲಿ ಅಗೆದ ಬೆಳ್ಳಿ ಸ್ಪೇನಿನ ನಾಣ್ಯವಾಗಿ, ವ್ಯಾಪಾರದ ದಾರಿಯಲ್ಲಿ ಬಾಸ್ಟನ್ನಿಗೆ ಬಂದು, ಅಲ್ಲಿ ಕರಗಿ ಪಾತ್ರೆಯಾಗುತ್ತಿತ್ತು.

ಪಾತ್ರೆ ಮಾಡುವ ಕ್ರಮ ನಮ್ಮ ಕಂಚುಗಾರರ, ಅಕ್ಕಸಾಲಿಗರ ಬೀದಿಯನ್ನು ಬಲ್ಲವರಿಗೆ ಹೊಸದಲ್ಲ. ಮೂಸೆಯಲ್ಲಿ ಕರಗಿದ ಬೆಳ್ಳಿಯನ್ನು ಅಚ್ಚಿಗೆ ಹೊಯ್ದು ಗಟ್ಟಿ ಮಾಡುವುದು. ಗಟ್ಟಿಯನ್ನು ಬಡಿದು ತಗಡು ಮಾಡುವುದು. ತಗಡನ್ನು ದುಂಡಗೆ ಕತ್ತರಿಸಿ ನಡುವೆ ಒಂದು ಚುಕ್ಕೆ ಗುರುತಿಸಿ, ಆ ಚುಕ್ಕೆಯ ಸುತ್ತ ಸುತ್ತಾಗಿ ಸುತ್ತಿಗೆ ಹಾಕುತ್ತ ಅಂಚನ್ನು ಮೇಲಕ್ಕೆ ಎಬ್ಬಿಸುವುದು. ಬಡಿದಷ್ಟೂ ಬೆಳ್ಳಿ ಬಿರುಸಾಗುತ್ತದೆ. ಹಾಗೆಯೇ ಬಡಿಯುತ್ತ ಹೋದರೆ ಬಿರುಕು ಬಿಡುತ್ತದೆ. ಆದ್ದರಿಂದ ಪ್ರತಿ ಸುತ್ತಿಗೂ ಒಮ್ಮೆ ಕೆಂಪಗೆ ಕಾಯಿಸಿ ಮೆದು ಮಾಡಬೇಕು. ಆಕಾರ ಬಂದ ಮೇಲೆ ಕನ್ನಡಿಯಂತೆ ನಯವಾದ ಮುಖದ ಸುತ್ತಿಗೆಯಿಂದ ಮೆಲ್ಲಮೆಲ್ಲನೆ ತಟ್ಟಿ ಹಳೆಯ ಏಟಿನ ಗುರುತನ್ನೆಲ್ಲ ಅಳಿಸಬೇಕು. ಅಲಂಕಾರವಿಲ್ಲದ ಬಟ್ಟಲೇ ಎಲ್ಲಕ್ಕಿಂತ ಕಷ್ಟದ್ದು. ಹೂಬಳ್ಳಿಯ ಮರೆಯಲ್ಲಿ ಕೈತಪ್ಪು ಅಡಗಬಹುದು. ಬೋಳು ಮೈಯಲ್ಲಿ ಎಲ್ಲಿ ಅಡಗೀತು?

ರಿವಿಯರನ ಅಂಗಡಿಯ ಲೆಕ್ಕದ ಪುಸ್ತಕಗಳು ಎರಡು ಉಳಿದುಬಂದಿವೆ. ೧೭೬೧ರಿಂದ ೧೭೯೭ರವರೆಗಿನ ಕೆಲಸಗಳು ಅವುಗಳಲ್ಲಿವೆ. ಅವನ ಅಂಗಡಿಯಿಂದ ಹೊರಟ ಐದು ಸಾವಿರಕ್ಕೂ ಮಿಕ್ಕ ವಸ್ತುಗಳಿಗೆ ಲೆಕ್ಕ ಸಿಕ್ಕುತ್ತದೆ. ಚಹಾದ ಹೂಜಿ, ಪಾನಪಾತ್ರೆಗಳಿಗಿಂತ ಚಮಚ, ಪಾದರಕ್ಷೆಯ ಕೊಂಡಿ, ಗುಂಡಿ ಮೊದಲಾದ ಸಣ್ಣ ಕೆಲಸಗಳೇ ಬಹಳ. ಯಾರೋ ಸಾಕಿದ ಅಳಿಲಿಗೆಂದು ಮಾಡಿಕೊಟ್ಟ ಸರಪಣಿಯ ಲೆಕ್ಕ ಕೂಡ ಅಲ್ಲಿದೆ. ಮಹಾಪುರುಷರ ಚರಿತ್ರೆಯಲ್ಲಿ ಇಂಥ ಪುಟಗಳನ್ನು ನಾವು ಹಾರಿಸಿ ಓದುತ್ತೇವೆ. ಆದರೆ ಸಂಸಾರ ನಡೆದದ್ದು ಚಮಚ ಗುಂಡಿಗಳಿಂದ.

ಅದೂ ಸದಾ ನಡೆಯಲಿಲ್ಲ. ಫ್ರೆಂಚ್ ಯುದ್ಧ ಮುಗಿದ ಮೇಲೆ ೧೭೬೦ರ ದಶಕದ ನಡುವೆ ವ್ಯಾಪಾರ ಕುಸಿಯಿತು. ಇಂಗ್ಲೆಂಡಿನ ಪಾರ್ಲಿಮೆಂಟು ಯುದ್ಧದ ಸಾಲ ತೀರಿಸಲು ೧೭೬೫ರಲ್ಲಿ ಸ್ಟಾಂಪು ಕಾನೂನನ್ನೂ, ಅದು ರದ್ದಾದ ಮೇಲೆ ೧೭೬೭ರಲ್ಲಿ ಗಾಜು, ಕಾಗದ, ಬಣ್ಣ, ಚಹಾಗಳ ಮೇಲೆ ಸುಂಕವನ್ನೂ ಹೇರಿತು. ಬೆಳ್ಳಿ ಮಾಡಿಸುವವರು ಕಡಮೆಯಾದರು. ರಿವಿಯರನು ತಾಮ್ರದ ಫಲಕಗಳ ಮೇಲೆ ಚಿತ್ರ ಕೊರೆದು ಅಚ್ಚಿಗೆ ಕೊಟ್ಟ. ಹಲ್ಲು ಶುದ್ಧಿ ಮಾಡುವುದು, ಬಿದ್ದ ಹಲ್ಲಿಗೆ ಬದಲಾಗಿ ಕಟ್ಟುಹಲ್ಲನ್ನು ತಂತಿಯಿಂದ ಬಿಗಿಯುವುದು, ಇದನ್ನೂ ಕಲಿತು ೧೭೬೮ರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಹಾಕಿದ. ಸಣ್ಣ ತಂತಿ, ಸಣ್ಣ ಇಕ್ಕುಳ, ನಿಖರವಾದ ಕೈ: ಕಸುಬು ಬೇರೆಯಾದರೂ ಬೆರಳು ಅವೇ.

ಅದೇ ೧೭೬೮ರಲ್ಲಿ ಬಟ್ಟಲಿನ ಕಥೆ ಮೊದಲಾಯಿತು. ಆ ವರ್ಷದ ಫೆಬ್ರವರಿಯಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಪ್ರತಿನಿಧಿ ಸಭೆ ಉಳಿದ ವಸಾಹತುಗಳಿಗೆಲ್ಲ ಒಂದು ಸುತ್ತೋಲೆ ಕಳುಹಿಸಿತು. ತಮ್ಮ ಪ್ರತಿನಿಧಿಗಳಿಲ್ಲದ ಪಾರ್ಲಿಮೆಂಟು ತಮ್ಮ ಮೇಲೆ ತೆರಿಗೆ ಹಾಕುವುದು ನ್ಯಾಯವಲ್ಲವೆಂಬುದೇ ಅದರ ಸಾರ. ಲಂಡನ್ನಿನ ಮಂತ್ರಿ ಹಿಲ್ಸ್‌ಬರೋ ಪ್ರಭುವಿಗೆ ಕೋಪ ಬಂತು. ಸುತ್ತೋಲೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು, ಇಲ್ಲವಾದರೆ ಸಭೆಯನ್ನೇ ವಿಸರ್ಜಿಸಲಾಗುವುದು ಎಂದು ಆಜ್ಞೆ ಬಂತು. ಜೂನ್ ೩೦ರಂದು ಸಭೆಯಲ್ಲಿ ಮತ ತೆಗೆದುಕೊಂಡರು. ಹಿಂದಕ್ಕೆ ತೆಗೆದುಕೊಳ್ಳೋಣವೆಂದವರು ೧೭ ಮಂದಿ. ಕೂಡದೆಂದವರು ೯೨ ಮಂದಿ. ಗವರ್ನರ್ ಬರ್ನಾರ್ಡ್ ಸಭೆಯನ್ನು ವಿಸರ್ಜಿಸಿದ. ೯೨ ಎಂಬ ಸಂಖ್ಯೆ ಮಾತ್ರ ಊರಿನ ಬಾಯಲ್ಲಿ ಮಂತ್ರವಾಯಿತು.

ಈ ೯೨ರ ಪಕ್ಕದಲ್ಲಿ ನಿಂತ ಇನ್ನೊಂದು ಸಂಖ್ಯೆ ೪೫. ಲಂಡನ್ನಿನಲ್ಲಿ ಜಾನ್ ವಿಲ್ಕ್ಸ್ ಎಂಬ ಪಾರ್ಲಿಮೆಂಟಿನ ಸದಸ್ಯ ೧೭೬೩ರಲ್ಲಿ ತನ್ನ ಪತ್ರಿಕೆಯ ೪೫ನೆಯ ಸಂಚಿಕೆಯಲ್ಲಿ ದೊರೆಯ ಭಾಷಣವನ್ನು ಖಂಡಿಸಿ ಬರೆದಿದ್ದ. ಯಾರ ಹೆಸರನ್ನೂ ನಮೂದಿಸದ ಬರಿಯ ಸಾಮಾನ್ಯ ವಾರಂಟಿನ ಬಲದಿಂದ ಅವನನ್ನೂ ಮುದ್ರಕರನ್ನೂ ಹಿಡಿದರು. ಹೀಗೆ ಹೆಸರಿಲ್ಲದ ವಾರಂಟು ಹಿಡಿದು ಯಾರ ಮನೆಯನ್ನಾದರೂ ಜಾಲಾಡಬಹುದೇ ಎಂಬ ಪ್ರಶ್ನೆ ಎದ್ದಿತು. ೧೭೬೮ರಲ್ಲಿ ವಿಲ್ಕ್ಸ್ ಮತ್ತೆ ಆಯ್ಕೆಯಾಗಿಯೂ ಸೆರೆಮನೆ ಸೇರಿದಾಗ ಕಡಲಿನ ಎರಡು ದಡಗಳಲ್ಲಿಯೂ ೪೫ ಎಂಬುದು ಸ್ವಾತಂತ್ರ್ಯದ ಸಂಕೇತವಾಯಿತು. ಬಾಸ್ಟನ್ನಿನವರು ವಿಲ್ಕ್ಸನಿಗೆ ಎರಡು ಆಮೆಗಳನ್ನು ಕಾಣಿಕೆ ಕಳುಹಿಸಿದರಂತೆ. ಒಂದು ೪೫ ಪೌಂಡು, ಇನ್ನೊಂದು ೪೭ ಪೌಂಡು, ಕೂಡಿದರೆ ೯೨! ರಾಜಕೀಯದ ಆವೇಶದಲ್ಲಿಯೂ ಇಂಥ ಸಂಖ್ಯಾವಿನೋದಕ್ಕೆ ಅವರಿಗೆ ಬಿಡುವಿತ್ತು.

ಸ್ವಾತಂತ್ರ್ಯಪುತ್ರರೆಂದು ತಮ್ಮನ್ನು ಕರೆದುಕೊಳ್ಳುತ್ತಿದ್ದ ಕೂಟದ ಹದಿನೈದು ಮಂದಿ ರಿವಿಯರನಿಗೆ ಬಟ್ಟಲನ್ನು ಮಾಡಲು ಹೇಳಿದರು. ಅವರಲ್ಲಿ ಡೇನಿಯಲ್ ಮ್ಯಾಲ್ಕಮ್ ಒಬ್ಬ. ೧೭೬೬ರಲ್ಲಿ ಸುಂಕದ ಅಧಿಕಾರಿಗಳು ಇವನ ಮನೆಯ ನೆಲಮಾಳಿಗೆಯನ್ನು ಶೋಧಿಸಲು ಬಂದಾಗ ಬಾಗಿಲು ತೆರೆಯದೆ ಅವರನ್ನು ಬರಿಗೈಯಲ್ಲಿ ಕಳುಹಿಸಿದ್ದ. ಇಂಥವರಿಗೆ ಬೇಕಾದ ಬಟ್ಟಲು ಹೇಗಿರಬೇಕೆಂದು ರಿವಿಯರನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ; ಅವನೂ ಆ ಪಕ್ಷದವನೇ. ತೂಕ ೪೫ ಔನ್ಸು. ಹಿಡಿಯುವ ಪಾನಕ ೪೫ ಗಿಲ್. ಎಂದರೆ ಐದು ಲೀಟರಿಗೂ ಮಿಕ್ಕು. ಅಂಚಿನ ಕೆಳಗೆ ಸುತ್ತಲೂ ಹದಿನೈದು ಹೆಸರುಗಳು. ಒಂದು ಮಗ್ಗುಲಿನಲ್ಲಿ, ಬೆದರಿಕೆಗೆ ಬಗ್ಗದೆ ಮತ ಕೊಟ್ಟ ತೊಂಬತ್ತೆರಡು ಮಂದಿಯ ಪ್ರಶಸ್ತಿ. ಇನ್ನೊಂದು ಮಗ್ಗುಲಿನಲ್ಲಿ ವೃತ್ತದೊಳಗೆ ವಿಲ್ಕ್ಸನ ಹೆಸರೂ ೪೫ ಎಂಬ ಅಂಕಿಯೂ. ಮೇಲೆ ಸ್ವಾತಂತ್ರ್ಯದ ಕುಲಾವಿ. ಅಕ್ಕಪಕ್ಕಗಳಲ್ಲಿ ಮ್ಯಾಗ್ನ ಕಾರ್ಟ ಮತ್ತು ಹಕ್ಕುಗಳ ಶಾಸನವೆಂದು ಬರೆದ ಬಾವುಟಗಳು. ಕೆಳಗೆ ಹರಿದುಹೋದ ವಾರಂಟು. ನಮ್ಮಲ್ಲಿ ರಾಜರು ತಾಮ್ರಪಟದಲ್ಲಿ ಶಾಸನ ಬರೆಸಿದರು. ಇಲ್ಲಿ ಪ್ರಜೆಗಳು ರಾಜನ ಎದುರು ಬೆಳ್ಳಿಯಲ್ಲಿ ಶಾಸನ ಬರೆಸಿದರು. ತೂಕವನ್ನೇ ಅರ್ಥವಾಗಿ ಮಾಡಿದ ಶಾಸನ ಇನ್ನೊಂದನ್ನು ನಾನು ಕಾಣೆ.

ಆಗಸ್ಟ್ ೧ರ ಸಂಜೆ ನತಾನಿಯಲ್ ಬಾರ್ಬರನ ವಿಮಾ ಕಚೇರಿಯಲ್ಲಿ ಬಟ್ಟಲು ಮೊದಲ ಬಾರಿಗೆ ಹೊರಬಂತು. ಬಾರ್ಬರನೂ ಹದಿನೈವರಲ್ಲಿ ಒಬ್ಬ. ಅಂದು ಅಲ್ಲಿದ್ದ ಜಾನ್ ರೋ ಎಂಬ ವರ್ತಕ ಅದರ ತೂಕ, ಅಳತೆಗಳನ್ನು ತನ್ನ ದಿನಚರಿಯಲ್ಲಿ ಗುರುತುಹಾಕಿಕೊಂಡಿದ್ದಾನೆ. ಬಟ್ಟಲಿನಲ್ಲಿ ತುಂಬುತ್ತಿದ್ದ ಪಾನಕದ ಹೆಸರು ಪಂಚ್. ರಮ್ಮು, ನಿಂಬೆಯ ರಸ, ಸಕ್ಕರೆ, ನೀರು, ಮಸಾಲೆ ಈ ಐದು ಕೂಡಿದ್ದು. ನಮ್ಮ ಪಂಚ ಎಂಬ ಶಬ್ದವೇ ಹಿಂದೂಸ್ಥಾನಕ್ಕೆ ಬಂದ ಇಂಗ್ಲಿಷ್ ನಾವಿಕರ ಬಾಯಲ್ಲಿ ಹಾಗಾಯಿತೆಂದು ಬಹುಮಂದಿ ನಿಘಂಟುಕಾರರ ಅಭಿಪ್ರಾಯ. ಪಂಚಾಮೃತದ ಕಡೆಯ ನೆಂಟನೆಂದು ನಗಬಹುದು. ಆದರೆ ಇಲ್ಲಿ ನಗೆಯ ಜೊತೆಗೆ ಒಂದು ಕಹಿಯೂ ಇದೆ. ಬಾಸ್ಟನ್ನಿನ ರಮ್ಮು ಇಳಿಯುತ್ತಿದ್ದುದು ವೆಸ್ಟ್ ಇಂಡೀಸಿನ ಕಾಕಂಬಿಯಿಂದ. ಆ ಕಾಕಂಬಿ ಬರುತ್ತಿದ್ದುದು ಆಫ್ರಿಕದಿಂದ ಹಿಡಿದುತಂದ ಗುಲಾಮರು ದುಡಿಯುತ್ತಿದ್ದ ಕಬ್ಬಿನ ತೋಟಗಳಿಂದ. ಬಾಸ್ಟನ್ ನಗರದಲ್ಲಿಯೇ ಗುಲಾಮರಿದ್ದರು. ಬಟ್ಟಲಿನ ಹೊರಮೈಯಲ್ಲಿ ಸ್ವಾತಂತ್ರ್ಯ, ಒಳಗೆ ಗುಲಾಮರ ಬೆವರು. ಹದಿನೈವರಿಗೆ ಇದು ತೋರಲಿಲ್ಲವೆಂದು ಬೈದು ಪ್ರಯೋಜನವಿಲ್ಲ. ಆದರೆ ಬಟ್ಟಲನ್ನು ಹೊಗಳುವಾಗ ಇದನ್ನು ಮರೆಯುವುದೂ ತರವಲ್ಲ.

ಅದೇ ಕಾಲದಲ್ಲಿ ಕಾಪ್ಲಿ ಎಂಬ ಚಿತ್ರಕಾರ ರಿವಿಯರನ ಭಾವಚಿತ್ರ ಬರೆದ. ಆಗ ಚಿತ್ರ ಬರೆಸಿಕೊಳ್ಳುತ್ತಿದ್ದವರು ಜರತಾರಿಯ ಕೋಟು, ಟೋಪನ್ನು ತೊಟ್ಟ ಶ್ರೀಮಂತರು. ರಿವಿಯರನು ಮೈಮೇಲೆ ಕೋಟಿಲ್ಲದೆ, ಬಿಳಿಯ ಅಂಗಿಯಲ್ಲಿ, ತನ್ನ ಸ್ವಂತ ತಲೆಗೂದಲಿನಲ್ಲಿ ಕುಳಿತಿದ್ದಾನೆ. ಎಡಗೈಯಲ್ಲಿ ಬೆಳ್ಳಿಯ ಚಹಾ ಹೂಜಿ. ಮೇಜಿನ ಮೇಲೆ ಕೆತ್ತನೆಯ ಉಳಿಗಳು. ಬಲಗೈಗೆ ಗಲ್ಲವನ್ನು ಆನಿಸಿ ನಮ್ಮನ್ನೇ ನೋಡುತ್ತಿದ್ದಾನೆ. ಕಸುಬಿನವನೆಂಬುದನ್ನು ಮುಚ್ಚಿಕೊಳ್ಳುವ ಇಚ್ಛೆ ಅಲ್ಲಿ ಲವಲೇಶವೂ ಇಲ್ಲ.

ಇಷ್ಟು ಹೇಳಿದ ಮೇಲೆ ಅವನ ಒಂದು ತಪ್ಪನ್ನೂ ಹೇಳಬೇಕು. ೧೭೬೮ರ ಅಕ್ಟೋಬರಿನಲ್ಲಿ ಬ್ರಿಟಿಷ್ ಸೈನ್ಯ ಬಾಸ್ಟನ್ನಿಗೆ ಬಂದಿಳಿಯಿತು. ೧೭೭೦ರ ಮಾರ್ಚ್ ೫ರಂದು ಸೈನಿಕರು ಬೀದಿಯಲ್ಲಿ ಗುಂಡು ಹಾರಿಸಿ ಐವರು ಸತ್ತರು. ರಿವಿಯರನು ಆ ಹತ್ಯೆಯ ಚಿತ್ರವನ್ನು ಕೆಲವೇ ವಾರಗಳಲ್ಲಿ ತಾಮ್ರದಲ್ಲಿ ಕೊರೆದು ಮಾರಿದ. ಅದು ನಾಡನ್ನೆಲ್ಲ ಕೆರಳಿಸಿತು. ಚಿತ್ರದ ಮೂಲ ಕಲ್ಪನೆ ಅವನದಲ್ಲ. ಕಾಪ್ಲಿಯ ಮಲತಮ್ಮನಾದ ಹೆನ್ರಿ ಪೆಲ್ಹಮ್ ಬರೆದುಕೊಂಡಿದ್ದ ಚಿತ್ರವನ್ನು ನೋಡಿ, ಅವನ ಅಪ್ಪಣೆಯಿಲ್ಲದೆ ನಕಲು ಮಾಡಿದ. ನೊಂದ ಪೆಲ್ಹಮ್ ಅವನಿಗೆ ಕಟುವಾದ ಕಾಗದ ಬರೆದ. ಚಿತ್ರದಲ್ಲಿ ಸೈನಿಕರು ಅಧಿಕಾರಿಯ ಆಜ್ಞೆಯಂತೆ ಸಾಲಾಗಿ ನಿಂತು ಗುಂಡು ಹಾರಿಸುತ್ತಿದ್ದಾರೆ. ನಿಜವಾಗಿ ನಡೆದದ್ದು ಗೊಂದಲದ ದೊಂಬಿ. ಬೆಳ್ಳಿಯ ತೂಕದಲ್ಲಿ ಕೂದಲೆಳೆಯಷ್ಟು ತಪ್ಪದ ಕೈ ಸತ್ಯದ ತೂಕದಲ್ಲಿ ತಪ್ಪಿತು.

ಅದೇ ವರ್ಷ ಅವನು ನಾರ್ತ್ ಸ್ಕ್ವೇರಿನಲ್ಲಿ ಆಗಲೇ ಹಳೆಯದಾಗಿದ್ದ ಒಂದು ಮರದ ಮನೆಯನ್ನು ಕೊಂಡ. ೧೭೭೩ರ ಮೇ ತಿಂಗಳಲ್ಲಿ, ಎಂಟು ಮಕ್ಕಳ ತಾಯಿ ಸಾರಾ ತೀರಿಕೊಂಡಳು. ಕೊನೆಯ ಮಗು ಇನ್ನೂ ಹಸುಳೆ. ಅದೂ ಹೆಚ್ಚು ದಿನ ಉಳಿಯಲಿಲ್ಲ. ಆ ವರ್ಷದ ಶರತ್ಕಾಲದಲ್ಲಿಯೇ ರಿವಿಯರನು ರೇಚೆಲ್ ವಾಕರ್ ಎಂಬಾಕೆಯನ್ನು ಮದುವೆಯಾದ. ಈಕೆಗೂ ಎಂಟು ಮಕ್ಕಳಾದುವು. ಹದಿನಾರು ಮಕ್ಕಳಲ್ಲಿ ಪ್ರಾಯಕ್ಕೆ ಬಂದವರು ಹನ್ನೊಂದು ಮಂದಿ.

ಮದುವೆಯಾದ ಎರಡು ಮೂರು ತಿಂಗಳಲ್ಲೇ ಚಹಾದ ಗಲಭೆ. ಈಸ್ಟ್ ಇಂಡಿಯಾ ಕಂಪೆನಿ ಆಗ ಸಾಲದಲ್ಲಿ ಮುಳುಗಿತ್ತು. ಬಂಗಾಳದ ಕ್ಷಾಮ ಅದರ ಆದಾಯವನ್ನು ಕುಗ್ಗಿಸಿತ್ತು. ೧೭೬೭ರಿಂದ ೧೭೬೯ರವರೆಗೆ ಮೈಸೂರಿನ ಹೈದರಾಲಿಯೊಡನೆ ನಡೆದ ಯುದ್ಧ ಅದರ ಬೊಕ್ಕಸವನ್ನು ಹಿಂಡಿತ್ತು. ರಿವಿಯರನು ಬಟ್ಟಲನ್ನು ಬಡಿಯುತ್ತಿದ್ದ ೧೭೬೮ರಲ್ಲಿಯೇ ನಮ್ಮ ನಾಡಿನಲ್ಲಿ ಆ ಯುದ್ಧ ನಡೆಯುತ್ತಿತ್ತೆಂಬುದನ್ನು ನೆನೆದರೆ ವಿಚಿತ್ರವೆನಿಸುತ್ತದೆ. ಕಂಪೆನಿಯನ್ನು ಉಳಿಸಲು ಪಾರ್ಲಿಮೆಂಟು ಅದರ ಚಹಾವನ್ನು ಅಮೆರಿಕದಲ್ಲಿ ನೇರವಾಗಿ ಮಾರಲು ಅವಕಾಶ ಕೊಟ್ಟಿತು. ಸುಂಕ ಮಾತ್ರ ಉಳಿಯಿತು. ೧೭೭೩ರ ಡಿಸೆಂಬರ್ ೧೬ರ ರಾತ್ರಿ ಬಾಸ್ಟನ್ನಿನ ಜನ ೩೪೨ ಪೆಟ್ಟಿಗೆ ಚಹಾವನ್ನು ಕಡಲಿಗೆ ಸುರಿದರು. ಚಹಾ ಹೂಜಿ ಮಾಡಿ ಬದುಕುತ್ತಿದ್ದ ರಿವಿಯರನೂ ಅವರ ಜೊತೆಗಿದ್ದ. ಮರುದಿನ ಸುದ್ದಿಯನ್ನು ಹೊತ್ತು ಕುದುರೆಯ ಮೇಲೆ ನ್ಯೂಯಾರ್ಕಿಗೆ ಹೋದವನೂ ಅವನೇ. ಕಂಪೆನಿಯ ಶತ್ರು ತಮಗೆ ಮಿತ್ರನೆಂಬ ಭಾವನೆ ಆ ಜನರಲ್ಲಿ ಎಷ್ಟಿತ್ತೆಂದರೆ, ೧೭೮೨ರಲ್ಲಿ ಪೆನ್ಸಿಲ್ವೇನಿಯದವರು ತಮ್ಮ ಒಂದು ಯುದ್ಧನೌಕೆಗೆ ಹೈದರಾಲಿಯ ಹೆಸರನ್ನೇ ಇಟ್ಟರು. ಅದು ತನಗಿಂತ ದೊಡ್ಡ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು.

ಇನ್ನು ಆ ಪ್ರಸಿದ್ಧ ರಾತ್ರಿ. ೧೭೭೫ರ ಏಪ್ರಿಲ್ ೧೮. ಬ್ರಿಟಿಷ್ ದಳ ಕಾಂಕಾರ್ಡಿನಲ್ಲಿದ್ದ ಮದ್ದುಗುಂಡನ್ನು ವಶಪಡಿಸಿಕೊಳ್ಳಲು ಹೊರಡಲಿದೆ ಎಂದು ತಿಳಿದ ಡಾಕ್ಟರ್ ಜೋಸೆಫ್ ವಾರೆನ್ ಇಬ್ಬರನ್ನು ಕಳುಹಿಸಿದ. ನೆಲದ ದಾರಿಯಲ್ಲಿ ವಿಲಿಯಂ ಡಾಸ್. ನದಿ ದಾಟಿ ರಿವಿಯರ್. ಚರ್ಚಿನ ಗೋಪುರದಲ್ಲಿ ಎರಡು ಲಾಂದ್ರ ತೂಗಿಸಿದ್ದು ರಿವಿಯರನಿಗೆ ತಿಳಿಸಲೆಂದಲ್ಲ. ತಾನು ನದಿ ದಾಟಲಾರದೆ ಹೋದರೂ ಆಚೆಯ ದಡದವರಿಗೆ ಸುದ್ದಿ ಮುಟ್ಟಲೆಂದು ಅವನೇ ಮಾಡಿಸಿದ ಏರ್ಪಾಡು ಅದು. ಬೆಳುದಿಂಗಳಿನಲ್ಲಿ ಬ್ರಿಟಿಷ್ ಯುದ್ಧನೌಕೆಯ ಪಕ್ಕದಿಂದಲೇ ದೋಣಿಯಲ್ಲಿ ದಾಟಿ, ಚಾರ್ಲ್ಸ್‌ಟೌನಿನಲ್ಲಿ ಎರವಲು ಕುದುರೆ ಹತ್ತಿ, ಲೆಕ್ಸಿಂಗ್‌ಟನ್ನಿಗೆ ಹೋಗಿ ಸ್ಯಾಮ್ಯುಯಲ್ ಆಡಮ್ಸ್, ಜಾನ್ ಹ್ಯಾನ್‌ಕಾಕ್ ಇಬ್ಬರನ್ನೂ ಎಚ್ಚರಿಸಿದ. ಅಲ್ಲಿಂದ ಡಾಸ್ ಮತ್ತು ಪ್ರೆಸ್ಕಟ್ ಎಂಬ ಯುವಕ ವೈದ್ಯನೊಡನೆ ಕಾಂಕಾರ್ಡಿನತ್ತ ಹೊರಟವನು ನಡುದಾರಿಯಲ್ಲಿ ಬ್ರಿಟಿಷ್ ಕಾವಲಿಗೆ ಸಿಕ್ಕಿಬಿದ್ದ. ಕಾಂಕಾರ್ಡ್ ತಲಪಿದವನು ಪ್ರೆಸ್ಕಟ್ ಒಬ್ಬನೇ. ಸೈನಿಕರು ಕೊನೆಗೆ ಕುದುರೆ ಕಸಿದುಕೊಂಡು ರಿವಿಯರನನ್ನು ಬಿಟ್ಟರು. ಅವನು ನಡೆದೇ ಲೆಕ್ಸಿಂಗ್‌ಟನ್ನಿಗೆ ಮರಳಿ, ಹ್ಯಾನ್‌ಕಾಕನ ಕಾಗದಪತ್ರಗಳ ಪೆಟ್ಟಿಗೆಯನ್ನು ಸಾಗಿಸುತ್ತಿದ್ದಾಗ ಬೆಳಗಿನ ಮೊದಲ ಗುಂಡಿನ ಸದ್ದು ಕೇಳಿಸಿತು. ಯುದ್ಧ ಮೊದಲಾಗಿತ್ತು.

ವಾರೆನ್ ಎರಡು ತಿಂಗಳ ಮೇಲೆ ಬಂಕರ್ ಹಿಲ್ ಕದನದಲ್ಲಿ ಮಡಿದ. ಶತ್ರುಗಳು ಅವನನ್ನು ಗುರುತಿಲ್ಲದ ಗುಂಡಿಯಲ್ಲಿ ಹೂಳಿದರು. ೧೭೭೬ರ ವಸಂತದಲ್ಲಿ ಬ್ರಿಟಿಷರು ಊರು ಬಿಟ್ಟ ಮೇಲೆ ದೇಹಗಳನ್ನು ಅಗೆದು ತೆಗೆದಾಗ ಮುಖದಿಂದ ಗುರುತಿಸುವಂತಿರಲಿಲ್ಲ. ರಿವಿಯರನು ಬಾಯನ್ನು ನೋಡಿದ. ತಾನೇ ತಂತಿಯಿಂದ ಬಿಗಿದಿದ್ದ ಕಟ್ಟುಹಲ್ಲು ಅಲ್ಲಿತ್ತು. ತನ್ನ ಕೈಕೆಲಸದಿಂದಲೇ ಅವನು ತನ್ನ ಗೆಳೆಯನನ್ನು ಗುರುತಿಸಿದ. ಅವನ ಬಾಳಿನಲ್ಲಿ ಕುದುರೆಯ ಓಟಕ್ಕಿಂತ ಈ ಕ್ಷಣವೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುತ್ತದೆ.

ಯುದ್ಧದಲ್ಲಿ ಅವನಿಗೆ ದೊರೆತದ್ದು ಕೀರ್ತಿಯಲ್ಲ, ಕಳಂಕ. ೧೭೭೯ರ ಬೇಸಗೆಯಲ್ಲಿ ಪೆನಾಬ್‌ಸ್ಕಾಟ್ ಕೊಲ್ಲಿಯಲ್ಲಿ ಬ್ರಿಟಿಷರು ಕಟ್ಟುತ್ತಿದ್ದ ಕೋಟೆಯನ್ನು ಹಿಡಿಯಲು ಮ್ಯಾಸಚೂಸೆಟ್ಸ್ ದೊಡ್ಡ ನೌಕಾಪಡೆಯನ್ನು ಕಳುಹಿಸಿತು. ಫಿರಂಗಿ ದಳಕ್ಕೆ ರಿವಿಯರನೇ ಮುಖಂಡ. ಸೇನಾಪತಿಗಳು ಹೊಡೆಯೋಣವೋ ಬೇಡವೋ ಎಂದು ವಾರಗಟ್ಟಲೆ ಚರ್ಚಿಸುತ್ತ ಕುಳಿತರು. ಅಷ್ಟರಲ್ಲಿ ಬ್ರಿಟಿಷ್ ನೌಕೆಗಳು ಬಂದುವು. ಸುಮಾರು ೪೦ ಹಡಗುಗಳನ್ನು ಕಳೆದುಕೊಂಡು, ಬಹುಪಾಲನ್ನು ತಾವೇ ಸುಟ್ಟು, ಜನ ಕಾಡಿನಲ್ಲಿ ಚದರಿ ಓಡಿದರು. ಆ ಗಡಿಬಿಡಿಯಲ್ಲಿ ಶತ್ರುಗಳ ಕಡೆಗೆ ತೇಲುತ್ತಿದ್ದ ಒಂದು ಹಡಗಿನ ಜನರನ್ನು ಬಿಡಿಸಲು ರಿವಿಯರನ ದೋಣಿಯನ್ನು ಜನರಲ್ ಪೆಲೆಗ್ ವಾಡ್ಸ್‌ವರ್ತ್ ಕೇಳಿದಾಗ ಅವನು ಕೊಡಲೊಲ್ಲದೆ ಹೋದ. ಸೆರೆ ಮಾಡಿಸುವೆನೆಂದು ವಾಡ್ಸ್‌ವರ್ತ್ ಗದರಿಸಿದ. ಊರಿಗೆ ಬಂದ ಮೇಲೆ ಆಜ್ಞೋಲ್ಲಂಘನ, ಹೇಡಿತನ ಎಂಬ ಆಪಾದನೆಗಳು ಹೊರಬಂದು ಅವನನ್ನು ಹುದ್ದೆಯಿಂದ ಇಳಿಸಿ ಮನೆಯಲ್ಲಿ ಬಂಧನದಲ್ಲಿಟ್ಟರು. ರಿವಿಯರನು ಕ್ಷಮೆ ಬೇಡಲಿಲ್ಲ. ತನ್ನನ್ನು ಸೈನಿಕ ನ್ಯಾಯಾಲಯದಲ್ಲಿ ವಿಚಾರಿಸಿರೆಂದು ಮೇಲಿಂದ ಮೇಲೆ ಅರ್ಜಿ ಹಾಕಿದ. ೧೭೮೨ರಲ್ಲಿ ಕೊನೆಗೂ ವಿಚಾರಣೆ ನಡೆದು ಅವನು ನಿರ್ದೋಷಿ ಎಂದು ತೀರ್ಮಾನವಾಯಿತು. ದೋಣಿಯ ವಿಷಯದಲ್ಲಿ ಅವನ ನಡತೆ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಹೇಡಿ ಅವನಲ್ಲ, ತನ್ನ ಮೇಲೆ ಅಧಿಕಾರ ನಡೆಸುವವರನ್ನು ಸಹಿಸದ ಮುಂಗೋಪಿ.

ನಲವತ್ತೇಳರ ವಯಸ್ಸಿನಲ್ಲಿ ಹೀಗೆ ಹೆಸರು ತೊಳೆದುಕೊಂಡವನು ಮತ್ತೆ ಕಸುಬಿಗೆ ಹಿಂತಿರುಗಿ, ಹಿಂದೆಂದೂ ಮಾಡದಷ್ಟು ಮಾಡಿದ. ೧೭೮೮ರಲ್ಲಿ ಎರಕದ ಕಾರ್ಖಾನೆ ತೆರೆದ. ೧೭೯೨ರಲ್ಲಿ ಮೊದಲ ಗಂಟೆಯನ್ನು ಹೊಯ್ದ. ಅದರ ನಾದ ಕರ್ಕಶವೆಂದು ಆ ಕಾಲದ ಒಬ್ಬ ಪಾದ್ರಿ ಬರೆದಿಟ್ಟಿದ್ದಾನೆ. ಛಲ ಬಿಡದೆ ಕಲಿತ; ಅವನೂ ಅವನ ಮಕ್ಕಳೂ ಒಟ್ಟು ಸುಮಾರು ೪೦೦ ಗಂಟೆಗಳನ್ನು ಎರಕ ಹೊಯ್ದರು. ಕಾನ್‌ಸ್ಟಿಟ್ಯೂಷನ್ ಎಂಬ ಹೆಸರಾಂತ ಯುದ್ಧನೌಕೆಗೆ ತಾಮ್ರದ ಮೊಳೆಗಳನ್ನು ಒದಗಿಸಿದ. ತಾಮ್ರದ ತಗಡನ್ನು ಉರುಳೆಗಳಲ್ಲಿ ಒತ್ತಿ ಎಳೆಯುವ ವಿದ್ಯೆಯನ್ನು ಇಂಗ್ಲಿಷರು ಗುಟ್ಟಾಗಿಟ್ಟಿದ್ದರು. ೧೮೦೧ರಲ್ಲಿ, ಅರವತ್ತಾರನೆಯ ವಯಸ್ಸಿನಲ್ಲಿ, ಕೈಯಲ್ಲಿದ್ದ ಹಣವನ್ನೆಲ್ಲ ಸುರಿದು, ಸರ್ಕಾರದಿಂದ ೧೦,೦೦೦ ಡಾಲರ್ ಸಾಲ ತಂದು, ಕ್ಯಾಂಟನ್ ಎಂಬ ಊರಿನ ಹೊಳೆಯ ದಡದಲ್ಲಿ ಅಂಥ ಕಾರ್ಖಾನೆಯನ್ನು ಸ್ಥಾಪಿಸಿದ. ಮರುವರ್ಷವೇ ಬಾಸ್ಟನ್ನಿನ ರಾಜ್ಯಸೌಧದ ಗುಮ್ಮಟಕ್ಕೆ ಅವನ ತಾಮ್ರ ಹೊದಿಸಿತು.

೧೮೧೮ರ ಮೇ ೧೦ರಂದು ಅವನು ತೀರಿಕೊಂಡಾಗ ಪತ್ರಿಕೆಗಳು ಅವನ ಉದ್ಯಮವನ್ನೂ ಸಜ್ಜನಿಕೆಯನ್ನೂ ಹೊಗಳಿದುವು; ಕುದುರೆ ಸವಾರಿಯ ಮಾತೆತ್ತಲಿಲ್ಲ. ಅದನ್ನು ಲೋಕಕ್ಕೆ ತಂದವನು ಲಾಂಗ್‌ಫೆಲೊ. ಅಂತರ್ಯುದ್ಧದ ಮೋಡ ಕವಿಯುತ್ತಿದ್ದ ೧೮೬೦ರಲ್ಲಿ ಬರೆದ ಕವನ ಮರುವರ್ಷದ ಜನವರಿಯಲ್ಲಿ ಅಚ್ಚಾಯಿತು. ಡಾಸ್, ಪ್ರೆಸ್ಕಟ್ ಇಬ್ಬರೂ ಅದರಲ್ಲಿ ಮಾಯ. ರಿವಿಯರನು ಸೆರೆಯಾಗದೆ ಕಾಂಕಾರ್ಡ್ ಮುಟ್ಟುತ್ತಾನೆ. ಕವಿಯ ಪೂರ್ಣ ಹೆಸರು ಹೆನ್ರಿ ವಾಡ್ಸ್‌ವರ್ತ್ ಲಾಂಗ್‌ಫೆಲೊ. ಪೆನಾಬ್‌ಸ್ಕಾಟಿನಲ್ಲಿ ರಿವಿಯರನನ್ನು ಸೆರೆ ಮಾಡಿಸುವೆನೆಂದು ಗದರಿಸಿದ ಜನರಲ್ ವಾಡ್ಸ್‌ವರ್ತನ ಮಗಳ ಮಗ. ಅಜ್ಜ ಕಳೆಯಲು ಹೊರಟ ಹೆಸರನ್ನು ಮೊಮ್ಮಗ ಅಮರಗೊಳಿಸಿದ. ಇದನ್ನು ಕಂಡಿದ್ದರೆ ಆ ಮುಂಗೋಪಿ ಅಕ್ಕಸಾಲಿಗ ಸಂತೋಷಪಡುತ್ತಿದ್ದನೋ, ಲೆಕ್ಕದ ತಪ್ಪುಗಳನ್ನು ತೋರಿಸಿ ಕವಿಗೆ ಕಾಗದ ಬರೆಯುತ್ತಿದ್ದನೋ!

ಬಟ್ಟಲು ಹದಿನೈವರಲ್ಲಿ ಒಬ್ಬನಾದ ವಿಲಿಯಂ ಮೆಕೇಯ ಕೈಗೆ ಬಂದು, ಅವನ ಮನೆತನದವರಲ್ಲಿ ಇಳಿದುಬಂತು. ಕಷ್ಟಕಾಲದಲ್ಲಿ ಯಾರೂ ಅದನ್ನು ಮೂಸೆಗೆ ಹಾಕಲಿಲ್ಲ. ಅದರ ಆಕಾರ ಮಾತ್ರ ಮನೆಯಿಂದ ಹೊರಗೆ ಹರಡಿತು. ರಿವಿಯರ್ ಬಟ್ಟಲು ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಪಂದ್ಯಗಳ ಬಹುಮಾನಕ್ಕೂ ಮದುವೆಯ ಉಡುಗೊರೆಗೂ ಅದರ ಪಡಿಯಚ್ಚುಗಳು ಲೆಕ್ಕವಿಲ್ಲದಷ್ಟು ಬಂದಿವೆ. ಬರಹವಿಲ್ಲದ, ೪೫ರ ಗುಟ್ಟು ತಿಳಿಯದ ಬಟ್ಟಲುಗಳು ಅವು. ಮೂಲದ ಬಟ್ಟಲನ್ನು ೧೯೪೯ರಲ್ಲಿ ಸಂಗ್ರಹಾಲಯ ಕೊಂಡಿತು. ಕೊಳ್ಳುವ ಹಣಕ್ಕಾಗಿ ಸಾರ್ವಜನಿಕರಿಂದಲೂ ಬಾಸ್ಟನ್ನಿನ ಶಾಲೆಯ ಮಕ್ಕಳಿಂದಲೂ ೭೦೦ ಚಂದಾಗಳು ಬಂದುವು. ಕಾಪ್ಲಿ ಬರೆದ ಭಾವಚಿತ್ರವನ್ನು ರಿವಿಯರನ ವಂಶದವರು ಅದಕ್ಕೆ ಹತ್ತೊಂಬತ್ತು ವರ್ಷ ಮೊದಲೇ ಅದೇ ಸಂಗ್ರಹಾಲಯಕ್ಕೆ ಕೊಟ್ಟಿದ್ದರು. ಹೀಗೆ ಮಾಡಿದವನೂ ಮಾಡಿದ ವಸ್ತುವೂ ಈಗ ಒಂದೇ ಸೂರಿನಡಿ ಇದ್ದಾರೆ. ಅಲ್ಲಿನ ದಾಖಲೆಯಲ್ಲಿ ಬಟ್ಟಲಿಗೆ ಬಿದ್ದಿರುವ ಸಂಖ್ಯೆ ೪೯.೪೫: ೧೯೪೯ನೆಯ ಇಸವಿ, ನಲವತ್ತೈದನೆಯ ವಸ್ತು.